ಹೊಲಿಗೆ ಬಿಚ್ಚಿದ ಮೇಲೂ ಮುಗಿಯದ ಅಪಾಯ: ಆಪರೇಷನ್ ಮತ್ತು ರಕ್ತದ ಹೆಪ್ಪು

2024ರ ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ನ್ಯಾಯಾಲಯದ ಕಡತವೊಂದು ಸುದ್ದಿಯಾಯಿತು. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಕೊಟ್ಟ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದು ಎಂದು ಅದರ ಮೂಲ ಕಂಪನಿ ಆಸ್ಟ್ರಾಜೆನೆಕಾ ಒಪ್ಪಿಕೊಂಡಿತ್ತು. ಅದೇ ವರ್ಷ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. 2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯ ಹಠಾತ್ ಹೃದಯಾಘಾತಗಳ ಸುದ್ದಿ ಟಿ.ವಿ.ಯಲ್ಲಿ ದಿನವೂ ಬರತೊಡಗಿತು. ಲಸಿಕೆಯೇ ಕಾರಣವಿರಬಹುದೇ ಎಂಬ ಮಾತು ರಾಜಕೀಯ ವಾಗ್ವಾದಕ್ಕೂ ತಿರುಗಿತು.

ಈ ಮೂರೂ ಜನರ ಮನಸ್ಸಿನಲ್ಲಿ ಕಲಸಿಹೋಗಿ ಈಗ ಒಂದೇ ಭಯವಾಗಿ ಉಳಿದಿವೆ: ‘ರಕ್ತ ಹೆಪ್ಪುಗಟ್ಟಿ ಹೋಗಿಬಿಟ್ರಂತೆ.’ ಹರ್ನಿಯಾಕ್ಕೋ ಗರ್ಭಕೋಶಕ್ಕೋ ಆಪರೇಷನ್ ಗೊತ್ತುಮಾಡಿಕೊಂಡವರಲ್ಲಿ ಕೆಲವರು ಲಸಿಕೆಗೆ ಹೆದರುತ್ತಾರೆ, ಕೆಲವರು ಹೆಪ್ಪು ತಡೆಯಲೆಂದು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನಿಗೆ ಹೆದರುತ್ತಾರೆ, ಇನ್ನು ಕೆಲವರು ‘ರಕ್ತ ತೆಳು ಮಾಡುವ ಮಾತ್ರೆ’ಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ನಿಜವಾಗಿ ಹೆದರಬೇಕಾದ ಜಾಗ ಇವು ಯಾವುವೂ ಅಲ್ಲ. ಆಪರೇಷನ್ ಮುಗಿದು ಮನೆಗೆ ಬಂದ ಮೇಲಿನ ಎರಡು, ಮೂರು, ನಾಲ್ಕನೇ ವಾರದ ಕಡೆ ಯಾರ ಗಮನವೂ ಹೋಗುತ್ತಿಲ್ಲ.

ಮೂರು ಸುದ್ದಿ, ಮೂರು ಬೇರೆ ಕಥೆ

ಮೊದಲು ಗೋಜಲು ಬಿಡಿಸೋಣ. ಲಸಿಕೆಗೆ ಸಂಬಂಧಿಸಿದ ಹೆಪ್ಪು ಒಂದು ವಿಶೇಷ ಬಗೆಯದು. ಅದರಲ್ಲಿ ರಕ್ತ ಹೆಪ್ಪುಗಟ್ಟುವುದರ ಜತೆಗೆ ಪ್ಲೇಟ್‌ಲೆಟ್ ಎಣಿಕೆಯೂ ಕುಸಿಯುತ್ತದೆ. ಲಸಿಕೆ ಹಾಕಿಸಿಕೊಂಡ ಮೊದಲ ಕೆಲವು ವಾರಗಳಲ್ಲಿ ಬರುವ ತೊಂದರೆ ಅದು, ಹೆಚ್ಚೆಂದರೆ ಒಂದೂವರೆ ತಿಂಗಳ ಒಳಗಿನ ಮಾತು. 2021ರಲ್ಲಿ ಲಸಿಕೆ ಹಾಕಿಸಿಕೊಂಡವರು ಇಂದು ಆಪರೇಷನ್ ಮಾಡಿಸಿಕೊಂಡರೆ ಆ ಹಳೆಯ ಡೋಸು ಅವರ ಅಪಾಯವನ್ನು ಹೆಚ್ಚಿಸುವುದಿಲ್ಲ.

ಹೃದಯಾಘಾತ ಮತ್ತೊಂದು ಕಥೆ. ಅದು ಅಪಧಮನಿಯ ರೋಗ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕಟ್ಟಿದ ಕೊಬ್ಬಿನ ಪದರ ಒಡೆದು, ಅದರ ಮೇಲೆ ಹೆಪ್ಪು ಕೂತು ದಾರಿ ಮುಚ್ಚುತ್ತದೆ. ಹಾಸನದ ಪ್ರಕರಣಗಳ ಚರ್ಚೆ ಜೋರಾದಾಗ ಜಯದೇವ ಹೃದ್ರೋಗ ಸಂಸ್ಥೆಯ ಮುಖ್ಯಸ್ಥರ ನೇತೃತ್ವದ ತಜ್ಞರ ಸಮಿತಿ 2025ರ ಜುಲೈನಲ್ಲಿ ವರದಿ ಕೊಟ್ಟಿತು. ಲಸಿಕೆಗೂ ಇಂಥ ಹೃದಯಾಘಾತಗಳಿಗೂ ಸಂಬಂಧ ಕಂಡುಬಂದಿಲ್ಲ ಎಂದು ಆ ವರದಿ ಹೇಳಿತು. ಬಳ್ಳಾರಿಯ ಬಾಣಂತಿಯರ ವಿಷಯದಲ್ಲಿ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಮೇಲೆ. ಅಲ್ಲಿ ಚರ್ಚೆಯಾಗಿದ್ದು ಔಷಧದ ಗುಣಮಟ್ಟ.

ನಾವಿಲ್ಲಿ ಮಾತಾಡುತ್ತಿರುವ ನಾಲ್ಕನೇ ಕಥೆ ಅಭಿಧಮನಿಯದು, ಅಂದರೆ ಕಾಲಿನಿಂದ ಹೃದಯಕ್ಕೆ ರಕ್ತ ವಾಪಸು ತರುವ ನಾಳದ್ದು. ಆಪರೇಷನ್ ಆದವರ ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪು ಕಟ್ಟುವುದಕ್ಕೆ ವೈದ್ಯರು ಡಿವಿಟಿ ಎನ್ನುತ್ತಾರೆ. ಅದರ ತುಂಡೊಂದು ಕಿತ್ತುಕೊಂಡು ಮೇಲಕ್ಕೆ ಸಾಗಿ, ಹೃದಯದ ಬಲಭಾಗ ದಾಟಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಹಾಕಿಕೊಂಡರೆ ಪಲ್ಮನರಿ ಎಂಬಾಲಿಸಂ. ದೊಡ್ಡ ತುಂಡಾದರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಮನೆಯಲ್ಲೇ ಹೀಗಾದಾಗ, ಮರಣೋತ್ತರ ಪರೀಕ್ಷೆಯೂ ಇಲ್ಲದಾಗ, ಊರವರ ಬಾಯಲ್ಲಿ ಅದು ‘ಹಾರ್ಟ್ ಅಟ್ಯಾಕ್’ ಎಂದೇ ಉಳಿಯುತ್ತದೆ. ಹಾಗಾಗಿ ಈ ಸಾವುಗಳು ಲೆಕ್ಕಕ್ಕೂ ಸಿಗುವುದಿಲ್ಲ, ಸುದ್ದಿಯೂ ಆಗುವುದಿಲ್ಲ.

ಹೆಪ್ಪು ಹಾಕಿದ ಪಾತ್ರೆ ಅಲುಗಾಡಿಸಬಾರದು

ಹೆಪ್ಪು ಎನ್ನುವ ಮಾತಿನಲ್ಲೇ ಅರ್ಧ ವಿವರಣೆ ಇದೆ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಮೂಲೆಯಲ್ಲಿಟ್ಟು ಮುಟ್ಟದೆ ಬಿಡುತ್ತೇವೆ. ಅಲುಗಾಡಿಸುತ್ತಿದ್ದರೆ ಮೊಸರು ಗಟ್ಟಿಯಾಗುವುದಿಲ್ಲ. ಹಾಲು ಮೊಸರಾಗುವುದೂ ರಕ್ತ ಗಟ್ಟಿಯಾಗುವುದೂ ಬೇರೆ ಬೇರೆ ಕ್ರಿಯೆಗಳೇ. ಆದರೆ ಅಲುಗಾಟ ನಿಂತಾಗ ಗಟ್ಟಿಯಾಗುವುದು ಸುಲಭ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ನಿಂತಾಗ ಕಾಲಿನ ರಕ್ತ ಮೇಲಕ್ಕೆ ಬರಬೇಕು. ಅಲ್ಲಿ ಎಳೆದುಕೊಳ್ಳುವ ಪಂಪು ಯಾವುದೂ ಇಲ್ಲ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಸಡಿಲಾಗುತ್ತ ಅಭಿಧಮನಿಯನ್ನು ಹಿಂಡುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಮೇಲೆ ಹೋದ ರಕ್ತ ಕೆಳಗೆ ಬಾರದಂತೆ ತಡೆಯುತ್ತವೆ. ಅರಿವಳಿಕೆ ಕೊಟ್ಟು ಮೇಜಿನ ಮೇಲೆ ಮಲಗಿಸಿದ ಕೂಡಲೇ ಈ ಹಿಂಡುವಿಕೆ ನಿಲ್ಲುತ್ತದೆ. ತುಂಗಭದ್ರೆಯ ಕಾಲುವೆಯಲ್ಲಿ ನೀರಿನ ಓಟ ತಗ್ಗಿದ ಕಡೆ ಮೊದಲು ಹೂಳು ಕೂರುವಂತೆ, ಕವಾಟದ ಹಿಂದಿನ ಸಂದಿಯಲ್ಲಿ ಹೆಪ್ಪು ಮೊದಲು ಹುಟ್ಟುತ್ತದೆ.

ಓಟ ನಿಂತದ್ದು ಒಂದೇ ಕಾರಣ ಸಾಲದು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1856ರಷ್ಟು ಹಿಂದೆಯೇ ಈ ರೋಗದ ಮೇಲೆ ಬೆಳಕು ಚೆಲ್ಲಿದ. ಅವನ ಹೆಸರಿನಲ್ಲೇ ಇಂದಿಗೂ ಮೂರು ಕಾರಣಗಳನ್ನು ಪಾಠ ಹೇಳುತ್ತಾರೆ: ರಕ್ತದ ಓಟ ತಗ್ಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣ ಹೆಚ್ಚಿಸಿಕೊಳ್ಳುವುದು. ಆಪರೇಷನ್ ಈ ಮೂರನ್ನೂ ಒಟ್ಟಿಗೆ ತರುತ್ತದೆ. ದೇಹಕ್ಕೆ ಕತ್ತಿ ಹಾಕಿದಾಗ ರಕ್ತ ಸೋರಿಹೋಗದಂತೆ ಹೆಪ್ಪುಗಟ್ಟಿಸುವ ಶಕ್ತಿಯನ್ನು ದೇಹ ತಾನೇ ಹೆಚ್ಚಿಸಿಕೊಳ್ಳುತ್ತದೆ. ಅದು ರಕ್ಷಣೆಯ ಉಪಾಯ. ಆದರೆ ಹೊಲಿಗೆ ಬಿಚ್ಚಿದ ದಿನವೇ ಆ ಹೆಚ್ಚಳ ಇಳಿಯುವುದಿಲ್ಲ. ವಾರಗಟ್ಟಲೆ ಉಳಿಯುತ್ತದೆ.

ಎಷ್ಟು ದಿನ ಎನ್ನುವುದಕ್ಕೆ ಒಳ್ಳೆಯ ಅಂದಾಜು ಬ್ರಿಟನ್ನಿನಿಂದ ಸಿಕ್ಕಿದೆ. ಸುಮಾರು 9.5 ಲಕ್ಷ ಮಧ್ಯವಯಸ್ಸಿನ ಹೆಂಗಸರ ದಾಖಲೆ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಆಸ್ಪತ್ರೆಗೆ ಸೇರಿ ಆಪರೇಷನ್ ಮಾಡಿಸಿಕೊಂಡವರಿಗೆ ಮೊದಲ ಆರು ವಾರಗಳಲ್ಲಿ ಹೆಪ್ಪಿನ ಅಪಾಯ ಉಳಿದವರಿಗಿಂತ ಸುಮಾರು 70 ಪಟ್ಟು. ಬೆಳಿಗ್ಗೆ ಆಪರೇಷನ್ ಮಾಡಿಸಿಕೊಂಡು ಸಂಜೆ ಮನೆಗೆ ಹೋದವರಿಗೂ ಸುಮಾರು 10 ಪಟ್ಟು. ಅಪಾಯ ತುತ್ತತುದಿ ಮುಟ್ಟಿದ್ದು ಮೂರನೇ ವಾರದಲ್ಲಿ. ಅಷ್ಟು ಹೊತ್ತಿಗೆ ನಮ್ಮ ರೋಗಿ ದೇವದುರ್ಗದಲ್ಲೋ ಕುಷ್ಟಗಿಯಲ್ಲೋ ಸಿರುಗುಪ್ಪದಲ್ಲೋ ತನ್ನ ಮನೆಯ ಹೊರಸಿನ ಮೇಲೆ ಮಲಗಿರುತ್ತಾನೆ.

ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ

ಎಲ್ಲ ಆಪರೇಷನ್ನೂ ಒಂದೇ ಅಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಈ ಚಿಂತೆ ಬೇಕಿಲ್ಲ. ಸೊಂಟದ ಕೀಲು, ತೊಡೆಮೂಳೆ ಮುರಿತ, ಮಂಡಿಚಿಪ್ಪು ಬದಲಾವಣೆ, ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಕ್ಯಾನ್ಸರ್ ಆಪರೇಷನ್, ಬೆನ್ನುಹುರಿಗೆ ಪೆಟ್ಟು ಬಿದ್ದವರು ಮೇಲಿನ ಸಾಲಿನಲ್ಲಿ ಬರುತ್ತಾರೆ. ಇದಕ್ಕೆ ರೋಗಿಯ ಸ್ವಂತ ಕಾರಣಗಳು ಸೇರುತ್ತವೆ: ವಯಸ್ಸು, ಬೊಜ್ಜು, ಹಿಂದೆ ಹೆಪ್ಪು ಕಟ್ಟಿದ್ದು, ಮನೆತನದಲ್ಲಿ ಯಾರಿಗಾದರೂ ಕಟ್ಟಿದ್ದು, ಗರ್ಭನಿರೋಧಕ ಮಾತ್ರೆ, ಬಾಣಂತನ. ಇವಕ್ಕೆ ಅಂಕ ಕೊಟ್ಟು ಕೂಡಿಸುವ ಕ್ಯಾಪ್ರಿನಿ ಎಂಬ ಪಟ್ಟಿ ಇದೆ. ಒಂದೇ ಹಾಳೆ, ಪೆನ್ನು ಹಿಡಿದರೆ ಐದು ನಿಮಿಷದ ಕೆಲಸ.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ನಮ್ಮ ಭಾಗದಲ್ಲಿ ಎರಡು ಗುಂಪಿನವರನ್ನು ಬೇರೆಯಾಗಿಯೇ ನೋಡಬೇಕು. ಮೊದಲನೆಯವರು ಮೂಳೆ ಮುರಿದವರು. ಹೆದ್ದಾರಿಯಲ್ಲಿ ಬೈಕ್ ಬಿದ್ದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮುದುಕಿಯರು. ಇವರಲ್ಲಿ ಎಷ್ಟೋ ಜನ ಮೊದಲು ಎಲುಬು ಕಟ್ಟುವವರ ಹತ್ತಿರ ಹೋಗಿ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲೆಗೆ ಬರುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಕಾಲು ಅಲುಗಾಡದೆ ಬಿದ್ದಿರುವ ಆ ದಿನಗಳಲ್ಲೇ ಹೆಪ್ಪು ಹುಟ್ಟಿಕೊಳ್ಳಬಹುದು. ಆಪರೇಷನ್ ಆದ ಮೇಲೆ ಕೊಡುವ ಇಂಜೆಕ್ಷನ್ ಅವರ ಪಾಲಿಗೆ ತಡವಾಗಿ ಬಂದ ರಕ್ಷಣೆ.

ಎರಡನೆಯವರು ಸಿಸೇರಿಯನ್ ಆದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಹೆರಿಗೆಯಲ್ಲಿ ರಕ್ತ ಸುರಿದುಹೋಗದಿರಲಿ ಎಂದು ಗರ್ಭಿಣಿಯ ರಕ್ತ ಪ್ರಕೃತಿಯಿಂದಲೇ ಬೇಗ ಹೆಪ್ಪುಗಟ್ಟುವಂತೆ ಬದಲಾಗಿರುತ್ತದೆ. ಹೆರಿಗೆಯಾದ ಮೊದಲ ಆರು ವಾರ ಆ ಗುಣ ಉಳಿದಿರುತ್ತದೆ. ಅದರ ಮೇಲೆ ಆಪರೇಷನ್ನಿನ ಪೆಟ್ಟು, ಅದರ ಮೇಲೆ ಮಂಚ ಬಿಟ್ಟು ಇಳಿಯಬಾರದು ಎಂಬ ಬಾಣಂತನದ ಕಟ್ಟುಪಾಡು.

ಕೊಟ್ಟರೆ ರಕ್ತಸ್ರಾವ, ಬಿಟ್ಟರೆ ಹೆಪ್ಪು

ಹಾಗಾದರೆ ಎಲ್ಲರಿಗೂ ಇಂಜೆಕ್ಷನ್ ಕೊಟ್ಟುಬಿಟ್ಟರೆ ಆಯಿತಲ್ಲ ಎಂದರೆ, ಅಷ್ಟು ಸರಳವಿಲ್ಲ. ಇಲ್ಲಿಂದಲೇ ವೈದ್ಯರಲ್ಲಿ ಭಿನ್ನಾಭಿಪ್ರಾಯ ಶುರುವಾಗುತ್ತದೆ.

ಹೆಪ್ಪುಗಟ್ಟದ ರಕ್ತ ಎಷ್ಟು ಅಪಾಯಕಾರಿ ಎಂದು ಈ ಭಾಗದ ವೈದ್ಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಕೊಳಕುಮಂಡಲ ಕಚ್ಚಿದವರನ್ನು ತಂದಾಗ ಮೊದಲು ಮಾಡುವ ಪರೀಕ್ಷೆಯೇ ಅದು. ಒಣಗಿದ ಗಾಜಿನ ಟ್ಯೂಬಿನಲ್ಲಿ ಒಂದಿಷ್ಟು ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಓರೆ ಮಾಡಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ ಎಂದು ಅರ್ಥ. ಅಂಥ ರೋಗಿಯ ಒಸಡಿನಿಂದ, ಮೂತ್ರದಿಂದ ರಕ್ತ ಸೋರುವುದನ್ನು ನೋಡಿದವರು ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಔಷಧ ಹಾಕಿ ತಗ್ಗಿಸಲು ಎರಡು ಸಲ ಯೋಚಿಸುತ್ತಾರೆ.

ಪ್ರಸೂತಿ ತಜ್ಞರ ಅಂಜಿಕೆಗೂ ಆಧಾರವಿದೆ. ನಮ್ಮ ದೇಶದಲ್ಲಿ ತಾಯಂದಿರನ್ನು ಬಲಿ ತೆಗೆದುಕೊಳ್ಳುವ ಕಾರಣಗಳಲ್ಲಿ ಹೆರಿಗೆಯ ರಕ್ತಸ್ರಾವ ಮುಂಚೂಣಿಯಲ್ಲಿದೆ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಹೆಚ್ಚು. ಅಂಥವರು ಸ್ವಲ್ಪ ರಕ್ತ ಕಳೆದುಕೊಂಡರೂ ತಾಳುವುದಿಲ್ಲ. ಅರಿವಳಿಕೆ ತಜ್ಞರದ್ದು ಇನ್ನೊಂದು ಲೆಕ್ಕ. ಬೆನ್ನಿಗೆ ಸೂಜಿ ಹಾಕುವ ಹೊತ್ತಿನಲ್ಲಿ ಔಷಧದ ಪ್ರಭಾವ ಉಳಿದಿದ್ದರೆ ಬೆನ್ನುಹುರಿಯ ಸುತ್ತ ರಕ್ತ ನಿಂತು ಕಾಲಿನ ಸ್ವಾಧೀನ ಹೋಗಬಹುದು. ಅಪರೂಪದ ತೊಂದರೆ, ಆದರೆ ಒಮ್ಮೆ ಆಯಿತೆಂದರೆ ಜೀವನಪರ್ಯಂತ. ಅದಕ್ಕೇ ಎನಾಕ್ಸಾಪ್ಯಾರಿನ್ ಎಂಬ ಹೆಪ್ಪು ತಡೆಯುವ ಔಷಧದ, ತಡೆಗಷ್ಟೇ ಕೊಡುವ ಪ್ರಮಾಣದ ಇಂಜೆಕ್ಷನ್ನಿಗೂ ಬೆನ್ನಿನ ಸೂಜಿಗೂ ಕನಿಷ್ಠ 12 ತಾಸಿನ ಅಂತರ ಇರಬೇಕು ಎಂಬ ನಿಯಮ.

‘ಈ ರೋಗ ಬಿಳಿಯರದ್ದು, ನಮ್ಮವರಿಗೆ ಕಡಿಮೆ’ ಎಂಬ ವಾದವೂ ಬಹಳ ದಿನ ಚಾಲ್ತಿಯಲ್ಲಿತ್ತು. ಅದರಲ್ಲಿ ಒಂದು ಪಾಲು ಸತ್ಯವಿದೆ. ರಕ್ತ ಬೇಗ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಫೈವ್ ಲೈಡನ್ ಎಂಬ ಜೀನ್ ದೋಷ ಯುರೋಪಿನವರಲ್ಲಿ ಇರುವಷ್ಟು ನಮ್ಮಲ್ಲಿಲ್ಲ. ಆದರೆ ಮುರಿದ ತೊಡೆಮೂಳೆಯಾಗಲಿ ಕ್ಯಾನ್ಸರ್ ಆಗಲಿ ಕುಲ ನೋಡುವುದಿಲ್ಲ. ಹುಡುಕದೆ ಇದ್ದರೆ ರೋಗ ಕಡಿಮೆ ಇರುವಂತೆ ಕಾಣುವುದು ಸಹಜ. 2008ರಲ್ಲಿ ಪ್ರಕಟವಾದ 32 ದೇಶಗಳ ಅಧ್ಯಯನವೊಂದರಲ್ಲಿ ಆಸ್ಪತ್ರೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಪ್ಪಿನ ಅಪಾಯದಲ್ಲಿದ್ದರು. ಅಂಥವರಲ್ಲಿ ತಕ್ಕ ತಡೆಚಿಕಿತ್ಸೆ ಸಿಕ್ಕಿದ್ದು ಜಗತ್ತಿನಲ್ಲಿ ಸರಾಸರಿ ಶೇ 50 ಜನರಿಗೆ, ಭಾರತದ ಆಸ್ಪತ್ರೆಗಳಲ್ಲಿ ಸುಮಾರು ಶೇ 17 ಜನರಿಗೆ. ಲೆಕ್ಕ ಹಳೆಯದು. ಆದರೂ ಆ ಅಂತರವನ್ನು ಜೀನ್ ಒಂದರಿಂದ ಸಮರ್ಥಿಸಲಾಗದು.

ಇಂಜೆಕ್ಷನ್ನಿನ ಪರವಾದ ಪುರಾವೆಯೂ ಇಂದಿನದಲ್ಲ. ಭಾರತೀಯ ಮೂಲದ ಶಸ್ತ್ರವೈದ್ಯ ವಿಜಯ್ ಕಕ್ಕರ್ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 1975ರಲ್ಲಿ ಬಂತು. ದೊಡ್ಡ ಆಪರೇಷನ್ ಆದ 4,121 ರೋಗಿಗಳಲ್ಲಿ ಅರ್ಧ ಜನಕ್ಕೆ ಚರ್ಮದಡಿ ಹೆಪಾರಿನ್ ಎಂಬ ಹೆಪ್ಪು ತಡೆಯುವ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಕೊಡದ ಗುಂಪಿನಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಸತ್ತವರು 16, ಕೊಟ್ಟ ಗುಂಪಿನಲ್ಲಿ 2. ಅಷ್ಟಾಗಿಯೂ ಐವತ್ತು ವರ್ಷಗಳ ನಂತರ ನಾವು ಕೊಡಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದೇವೆ. ಚರ್ಚೆ ಆಗಬೇಕಾದದ್ದು ಯಾರಿಗೆ ಕೊಡಬೇಕು, ಯಾವಾಗ ಶುರು ಮಾಡಬೇಕು, ಎಷ್ಟು ದಿನ ಕೊಡಬೇಕು ಎನ್ನುವುದರ ಬಗ್ಗೆ.

ಆಸ್ಪಿರಿನ್ ಸಾಕೇ?

ಇತ್ತೀಚಿನ ಗೊಂದಲ ಹೆಚ್ಚಾಗಿರುವುದು ಇಲ್ಲಿ. ಎನಾಕ್ಸಾಪ್ಯಾರಿನ್ ಸಿರಿಂಜು ಒಂದಕ್ಕೆ ಕೆಲವು ನೂರು ರೂಪಾಯಿ, ದಿನವೂ ಚುಚ್ಚಬೇಕು. ಆಸ್ಪಿರಿನ್ ಮಾತ್ರೆ ಪುಡಿಗಾಸಿಗೆ ಸಿಗುತ್ತದೆ, ನುಂಗಿದರೆ ಆಯಿತು. ಎರಡೂ ಸಮವಾದರೆ ಬಡ ರೋಗಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಎರಡು ದೊಡ್ಡ ಪ್ರಯೋಗಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಆಸ್ಟ್ರೇಲಿಯಾದಲ್ಲಿ ಸೊಂಟ ಮತ್ತು ಮಂಡಿ ಬದಲಾಯಿಸಿಕೊಂಡ 9,000ಕ್ಕೂ ಹೆಚ್ಚು ಜನರ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. 90 ದಿನಗಳಲ್ಲಿ ತೊಂದರೆ ಕೊಡುವ ಹೆಪ್ಪು ಕಟ್ಟಿದ್ದು ಆಸ್ಪಿರಿನ್ ತೆಗೆದುಕೊಂಡ ಶೇ 3.45 ಜನರಲ್ಲಿ, ಎನಾಕ್ಸಾಪ್ಯಾರಿನ್ ತೆಗೆದುಕೊಂಡ ಶೇ 1.82 ಜನರಲ್ಲಿ. ಇಂಜೆಕ್ಷನ್ನೇ ಮೇಲು ಎಂದಾಯಿತು. ಮರುವರ್ಷ ಅಮೆರಿಕ ಮತ್ತು ಕೆನಡಾದಲ್ಲಿ ಮೂಳೆ ಮುರಿದ 12,211 ಜನರ ಪ್ರಯೋಗ ಬಂತು. ಅಲ್ಲಿ ನೋಡಿದ್ದು ಮುಖ್ಯವಾಗಿ ಸಾವನ್ನು. ಆಸ್ಪಿರಿನ್ ಗುಂಪಿನಲ್ಲಿ ಶೇ 0.78, ಇಂಜೆಕ್ಷನ್ ಗುಂಪಿನಲ್ಲಿ ಶೇ 0.73, ಅಂದರೆ ಹೆಚ್ಚುಕಡಿಮೆ ಸಮ. ಆದರೆ ಕಾಲಿನ ಹೆಪ್ಪು ಅಲ್ಲಿಯೂ ಆಸ್ಪಿರಿನ್ ಗುಂಪಿನಲ್ಲೇ ಹೆಚ್ಚು: ಶೇ 2.51, ಇನ್ನೊಂದರಲ್ಲಿ ಶೇ 1.71.

ಪಕ್ಕಪಕ್ಕ ಇಟ್ಟು ನೋಡಿದರೆ ವಿರೋಧ ಅಷ್ಟಿಲ್ಲ. ಕಾಲಿನ ಹೆಪ್ಪು ತಡೆಯುವುದರಲ್ಲಿ ಇಂಜೆಕ್ಷನ್ ಸ್ವಲ್ಪ ಮೇಲು, ಜೀವ ಉಳಿಸುವುದರಲ್ಲಿ ಮೂಳೆ ಮುರಿದವರ ಮಟ್ಟಿಗೆ ಎರಡೂ ಹತ್ತಿರ ಹತ್ತಿರ. ಕಾಲಿನ ಹೆಪ್ಪನ್ನು ಮನೆಯವರು ಗುರುತಿಸಿ ಬೇಗ ಆಸ್ಪತ್ರೆಗೆ ತರುವ ಕಡೆ ಈ ವ್ಯತ್ಯಾಸ ಸಣ್ಣದಾಗಬಹುದು. ತಾಲ್ಲೂಕಿನಲ್ಲಿ ನಾಳದೊಳಗಿನ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಎಲ್ಲ ಹೊತ್ತೂ ಸಿಗದ, ಬಾತುಕೊಂಡ ಕಾಲಿಗೆ ಎಣ್ಣೆ ತಿಕ್ಕುವ ಕಡೆ ಅದೇ ವ್ಯತ್ಯಾಸಕ್ಕೆ ತೂಕ ಬರುತ್ತದೆ. ಅದಕ್ಕೇ ಇಲ್ಲಿ ಅಪಾಯ ಹೆಚ್ಚಿರುವವರಿಗೆ ಮೊದಲ ದಿನಗಳಲ್ಲಾದರೂ ಇಂಜೆಕ್ಷನ್ ಅಥವಾ ರಿವರೊಕ್ಸಾಬ್ಯಾನ್, ಎಪಿಕ್ಸಾಬ್ಯಾನ್‌ನಂಥ ಹೊಸ ಮಾತ್ರೆ ಕೊಡುವುದೇ ವಿವೇಕ. ಇಂಜೆಕ್ಷನ್ನೂ ಬೇಡ, ಏನೂ ಬೇಡ ಎನ್ನುವ ಕಡೆ ಮೂಳೆ ಆಪರೇಷನ್ ಆದವರಿಗೆ ಆಸ್ಪಿರಿನ್ ಆದರೂ ಸಿಕ್ಕರೆ ಅದು ಖಂಡಿತ ಮೇಲು.

ಇಂಜೆಕ್ಷನ್ ಬಗ್ಗೆ ಒಂದು ಮಾತು ಮುಚ್ಚಿಡದೆ ಹೇಳಬೇಕು. ಹೆಪಾರಿನ್, ಅದರಿಂದ ಮಾಡುವ ಎನಾಕ್ಸಾಪ್ಯಾರಿನ್ ಎರಡನ್ನೂ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. ಆಹಾರದ, ಧರ್ಮದ ನಿಷ್ಠೆ ಇರುವವರಿಗೆ ಇದು ಗೊತ್ತಿರಬೇಕು. ಬೇಡ ಎಂದವರಿಗೆ ಪ್ರಯೋಗಾಲಯದಲ್ಲಿ ತಯಾರಿಸುವ ಫೊಂಡಪ್ಯಾರಿನಕ್ಸ್ ಇದೆ, ಮೇಲೆ ಹೇಳಿದ ಹೊಸ ಮಾತ್ರೆಗಳಿವೆ.

ಔಷಧವಿಲ್ಲದ ಉಪಾಯಗಳು

ಬಿಗಿಯಾದ ಬಿಳಿ ಸಾಕ್ಸ್ ಹಾಕಿಸಿದರೆ ಸಾಕು ಎಂಬ ನಂಬಿಕೆ ವ್ಯಾಪಕ. ಇಂಜೆಕ್ಷನ್ ಪಡೆಯುತ್ತಿರುವವರಿಗೆ ಸಾಕ್ಸ್‌ನಿಂದ ಹೆಚ್ಚಿನ ಲಾಭವಿಲ್ಲ ಎಂದು ಬ್ರಿಟನ್ನಿನಲ್ಲಿ ನಡೆದ ಪ್ರಯೋಗ 2020ರಲ್ಲಿ ತೋರಿಸಿತು. ರಕ್ತಸ್ರಾವದ ಭಯದಿಂದ ಔಷಧ ಕೊಡಲಾಗದವರಿಗೆ ಗಾಳಿ ತುಂಬಿ ಕಾಲನ್ನು ಹಿಂಡುವ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ಎದ್ದು ನಡೆಯುವುದಕ್ಕೆ ಖರ್ಚಿಲ್ಲ. ಅದಕ್ಕೆ ಅಡ್ಡಿಯಾಗಿರುವುದು ನಮ್ಮ ವಾರ್ಡುಗಳಲ್ಲಿ ಬೇರೂರಿದ ಒಂದು ಮಾತು: ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟಾರ, 24 ತಾಸು ತಲಿ ಎತ್ತಬ್ಯಾಡ್ರಿ.’ ಅಲುಗಾಡದೆ ಮಲಗಿದರೆ ಆಮೇಲೆ ತಲೆನೋವು ಬರುವುದಿಲ್ಲ ಎಂಬುದು ಅದರ ಹಿಂದಿನ ಕಾರಣ. ಹಾಗೆ ಮಲಗಿಸುವುದರಿಂದ ಆ ತಲೆನೋವು ತಪ್ಪುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಕಾಲಿನ ಸ್ವಾಧೀನ ಪೂರ್ತಿ ಮರಳಿದ ಮೇಲೆ, ವೈದ್ಯರು ಬೇಡವೆನ್ನದಿದ್ದರೆ, ಸಿಸ್ಟರ್ ಕೈಹಿಡಿದು ನಿಲ್ಲಿಸಬಹುದು. ಅದಕ್ಕೂ ಮೊದಲು ಮಲಗಿದಲ್ಲೇ ಪಾದವನ್ನು ಹೊಲಿಗೆ ಯಂತ್ರ ತುಳಿದಂತೆ ಮೇಲೆ ಕೆಳಗೆ ಆಡಿಸುತ್ತಿದ್ದರೂ ಮೀನಖಂಡ ತನ್ನ ಕೆಲಸ ಮಾಡುತ್ತದೆ.

ಹೆಪ್ಪು ಕಟ್ಟಿಯೇ ಬಿಟ್ಟರೆ

ಒಂದೇ ಕಾಲು ಬಾತುಕೊಳ್ಳುವುದು, ಮೀನಖಂಡ ಮುಟ್ಟಿದರೆ ನೋವು, ಚರ್ಮ ಬಿಸಿ. ಇವು ಕಾಲಿನ ಹೆಪ್ಪಿನ ಗುರುತುಗಳು. ಎರಡೂ ಕಾಲು ಸಮನಾಗಿ ಬಾತರೆ ಕಾರಣ ಬಹುತೇಕ ಬೇರೆಯೇ ಇರುತ್ತದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಕಫದಲ್ಲಿ ರಕ್ತ ಕಾಣುವುದು ಹೆಪ್ಪು ಶ್ವಾಸಕೋಶ ಮುಟ್ಟಿದೆ ಎಂದು ಹೇಳುತ್ತವೆ. ಆಗ 108ಕ್ಕೆ ಕರೆ ಮಾಡುವುದೊಂದೇ ದಾರಿ. ಬಾತ ಕಾಲಿಗೆ ಎಣ್ಣೆ ಹಾಕಿ ನೀವುವುದು ಬೇಡವೇ ಬೇಡ. ಗೋಡೆಗೆ ಅಂಟಿದ್ದ ಹೆಪ್ಪು ಕಿತ್ತು ಬರಲು ಅಷ್ಟು ಸಾಕಾಗಬಹುದು.

ಡಿ-ಡೈಮರ್ ಎಂಬ ರಕ್ತಪರೀಕ್ಷೆಯನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ದಾರೆ. ಆಪರೇಷನ್ ಆದವರಲ್ಲಿ ಅದು ಹೇಗೂ ಏರಿರುತ್ತದೆ, ಏರಿದೆ ಎಂದು ಗಾಬರಿಯಾಗಬೇಕಿಲ್ಲ. ಕಾಲಿಗೆ ಡಾಪ್ಲರ್, ಎದೆಗೆ ರಕ್ತನಾಳದ ಸಿ.ಟಿ. ಸ್ಕ್ಯಾನ್ ಖಚಿತ ಉತ್ತರ ಕೊಡುತ್ತವೆ. ಚಿಕಿತ್ಸೆ ಮೊದಲು ಪೂರ್ಣ ಪ್ರಮಾಣದ ಹೆಪಾರಿನ್ ಅಥವಾ ನೇರವಾಗಿ ಹೊಸ ಮಾತ್ರೆ. ಆಪರೇಷನ್ನಿನಿಂದಲೇ ಕಟ್ಟಿದ ಹೆಪ್ಪಿಗೆ ಸಾಮಾನ್ಯವಾಗಿ 3 ತಿಂಗಳು ಸಾಕು, ಜೀವನವಿಡೀ ಬೇಕಿಲ್ಲ. ಈ ಔಷಧಗಳು ರಕ್ತವನ್ನು ತೆಳು ಮಾಡುವುದೂ ಇಲ್ಲ, ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸ ದೇಹವೇ ಮಾಡಿಕೊಳ್ಳುತ್ತದೆ. ನಾಲ್ಕು ದಿನಕ್ಕೆ ಬಾವು ಇಳಿಯಿತು ಎಂದು ಮಾತ್ರೆ ಬಿಟ್ಟವರಿಗೆ ಹೆಪ್ಪು ಮತ್ತೆ ಕಟ್ಟುವುದು ಇದೇ ಕಾರಣಕ್ಕೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಎಂಬ ಹೆಪ್ಪು ತಡೆಯುವ ಹಳೆಯ ಮಾತ್ರೆ ನುಂಗುವವರ ವಿಷಯ ಬೇರೆ. ಅವರಿಗೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐ.ಎನ್.ಆರ್. ಪರೀಕ್ಷೆ ಬೇಕು, ಸೊಪ್ಪು ಮಾತ್ರೆಯ ಪ್ರಭಾವವನ್ನು ಏರುಪೇರು ಮಾಡುವುದರಿಂದ ಪುಂಡಿ ಪಲ್ಯ, ಮೆಂತ್ಯ, ರಾಜಗಿರಿಯನ್ನು ಪೂರ್ತಿ ಬಿಡದೆ ವಾರವಾರವೂ ಒಂದೇ ಹದದಲ್ಲಿ ತಿನ್ನಬೇಕು.

ತೀರಾ ದೊಡ್ಡ ಹೆಪ್ಪು ಶ್ವಾಸಕೋಶಕ್ಕೆ ಬಡಿದು ಬಿ.ಪಿ. ಬಿದ್ದುಹೋದಾಗ ಹೆಪ್ಪು ಕರಗಿಸುವ ಔಷಧವೇ ಬೇಕಾಗುತ್ತದೆ. ಆಪರೇಷನ್ ಆದವರಿಗೆ ಅದನ್ನು ಕೊಟ್ಟರೆ ಹಸಿ ಗಾಯದಿಂದಲೇ ರಕ್ತ ಹರಿಯಬಹುದು. ತೂರುನಳಿಗೆ ಹಾಕಿ ಹೆಪ್ಪನ್ನು ಎಳೆದು ತೆಗೆಯುವ ಸೌಲಭ್ಯ ದೊಡ್ಡ ಊರುಗಳಲ್ಲಿದೆ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿ.ಮೀ. ರಾಯಚೂರಿನವರಿಗೆ ಹೈದರಾಬಾದು ಹತ್ತಿರ, ಅದೂ ಸುಮಾರು 200 ಕಿ.ಮೀ. ಬಿ.ಪಿ. ಕುಸಿದ ರೋಗಿಗೆ ಅಷ್ಟು ದೂರ ಕ್ರಮಿಸುವ ಸಮಯ ಇರುವುದಿಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆಯುತ್ತಿರುವ ಹೋರಾಟದ ಹಿಂದೆ ಇರುವುದು ಇಂಥದೇ ಲೆಕ್ಕ. ಏಮ್ಸ್ ಬಂದರೂ ಬಾರದಿದ್ದರೂ, ಈ ರೋಗದಲ್ಲಿ ತಡೆಯುವುದು ಚಿಕಿತ್ಸೆಗಿಂತ ಬಹಳ ಅಗ್ಗ.

15 ದಿನದ ಕಾರ್ಡು, 35 ದಿನದ ಔಷಧ

ಸೊಂಟದ ಕೀಲು ಬದಲಿಸಿದವರಿಗೆ ತಡೆಚಿಕಿತ್ಸೆ 35 ದಿನಗಳವರೆಗೆ ಬೇಕು. ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದವರಿಗೆ ನಾಲ್ಕು ವಾರ. ಒಂದು ವಾರದ ಬದಲು ನಾಲ್ಕು ವಾರ ಇಂಜೆಕ್ಷನ್ ಕೊಟ್ಟಾಗ ಹೆಪ್ಪಿನ ಪ್ರಮಾಣ ಶೇ 12ರಿಂದ ಶೇ 4.8ಕ್ಕೆ ಇಳಿದದ್ದು 2002ರಲ್ಲೇ ದಾಖಲಾಗಿದೆ. ಆಯುಷ್ಮಾನ್ ಭಾರತ್ ಪಿಎಂ-ಜೇ ನಿಯಮ ಆಸ್ಪತ್ರೆಯಿಂದ ಬಿಟ್ಟ ಮೇಲೆ 15 ದಿನಗಳ ಔಷಧ ಖರ್ಚನ್ನು ಒಳಗೊಳ್ಳುತ್ತದೆ. ಐದಾರು ದಿನ ಆಸ್ಪತ್ರೆಯಲ್ಲಿ ಕಳೆದರೂ 15 ದಿನ ಸೇರಿ ಮೂರು ವಾರ. ಅಪಾಯ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ರಕ್ಷಣೆ ಮುಗಿದಿರುತ್ತದೆ, ಉಳಿದ ಎರಡು ವಾರದ ಸಿರಿಂಜುಗಳಿಗೆ ಕೂಲಿ ಮಾಡುವ ಮನೆಯವರು ಸಾವಿರಾರು ರೂಪಾಯಿ ಹೊಂದಿಸಬೇಕು. ಹೊಂದಿಸುವುದಿಲ್ಲ, ಬಿಟ್ಟುಬಿಡುತ್ತಾರೆ. ಅಪಾಯದ ಪಟ್ಟಿಯಲ್ಲಿ ಮೇಲಿರುವ ಕೆಲವೇ ಆಪರೇಷನ್‌ಗಳಿಗಾದರೂ ಈ ಮಿತಿಯನ್ನು 35 ದಿನಕ್ಕೆ ಏರಿಸಿದರೆ ಸರ್ಕಾರಕ್ಕೆ ಬೀಳುವ ಹೊರೆ ಒಬ್ಬ ರೋಗಿಯ ಐಸಿಯು ಖರ್ಚಿನ ಮುಂದೆ ಸಣ್ಣದು.

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸೇರಿದವರು ತಡೆಯಬಹುದಾದ ಹೆಪ್ಪಿನಿಂದ ವರ್ಷಕ್ಕೆ 25,000 ಜನ ಸಾಯುತ್ತಿದ್ದಾರೆ ಎಂಬ ಅಂದಾಜನ್ನು ಅಲ್ಲಿನ ಸಂಸದೀಯ ಸಮಿತಿ 2005ರಲ್ಲಿ ಮುಂದಿಟ್ಟಿತು. 2010ರಿಂದ ಸೇರಿದ ಪ್ರತಿ ರೋಗಿಯ ಹೆಪ್ಪಿನ ಅಪಾಯವನ್ನು ಹಾಳೆಯ ಮೇಲೆ ಲೆಕ್ಕ ಹಾಕುವುದು ಆಸ್ಪತ್ರೆಗಳ ಕರ್ತವ್ಯವಾಯಿತು. ಹಾಳೆ ತುಂಬುವುದನ್ನು ಆಸ್ಪತ್ರೆಗೆ ಸಿಗುವ ಹಣಕ್ಕೆ ಜೋಡಿಸಿದರು. ನಮ್ಮ ಮೂರು ಜಿಲ್ಲೆಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕೇಸ್‌ಶೀಟಿಗೆ ಆ ಒಂದು ಹಾಳೆ ಸೇರಿಸಲು ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಮೂರು ಸಾಲು ಬೇಕು: ಯಾವ ಔಷಧ, ಯಾವ ತಾರೀಖಿನವರೆಗೆ, ಯಾವ ಗುರುತು ಕಂಡರೆ ವಾಪಸು ಬರಬೇಕು.

ಬಾಣಂತಿಯ ಕೋಣೆ

ಮನೆಗೆ ಬಂದ ಸಿಸೇರಿಯನ್ ಬಾಣಂತಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ವಿರ್ಕೋನ ಕಾರಣಗಳ ಪಕ್ಕ ಇಟ್ಟು ನೋಡಿ. ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಬಿಗಿದ ಬಟ್ಟೆ. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಲೋಟ ಲೆಕ್ಕ ಹಾಕಿ ಕೊಡುವವರಿದ್ದಾರೆ. ಬಳ್ಳಾರಿ–ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದಷ್ಟೂ ರಕ್ತ ಮಂದವಾಗುತ್ತದೆ, ಮಲಗಿದಷ್ಟೂ ಕಾಲಿನ ಓಟ ತಗ್ಗುತ್ತದೆ. ಮಗಳ ಮೇಲಿನ ಅಕ್ಕರೆಯಿಂದಲೇ ಮಾಡುವ ಆರೈಕೆ ಇದು. ಅಕ್ಕರೆ ಹಾಗೆಯೇ ಇರಲಿ. ಅದರೊಳಗೆ ಹೊತ್ತುಹೊತ್ತಿಗೆ ಒಂದು ತಂಬಿಗೆ ನೀರು, ದಿನಕ್ಕೆ ನಾಲ್ಕಾರು ಸಲ ಪಡಸಾಲೆಯಲ್ಲಿ ಓಡಾಟ ಸೇರಿದರೆ ಸಾಕು.

ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಸಿಸೇರಿಯನ್ ಹೆರಿಗೆಯ ನಂತರ 7, 14, 21, 28, 42ನೇ ದಿನ ಮನೆಗೆ ಬರಬೇಕೆಂದು ಈಗಾಗಲೇ ನಿಯಮವಿದೆ. ಈ ದಿನಗಳೆಲ್ಲ ಹೆಪ್ಪಿನ ಅಪಾಯ ಇರುವ ಆರು ವಾರಗಳ ಒಳಗೇ ಬರುತ್ತವೆ. ಅಂದು ಆಕೆ ಮಗುವಿನ ತೂಕ ಬರೆದುಕೊಂಡ ಮೇಲೆ ತಾಯಿಯ ಎರಡೂ ಮೀನಖಂಡಕ್ಕೆ ದರ್ಜಿಯ ಟೇಪು ಸುತ್ತಿ ನೋಡಬಹುದು. ಮೊಣಕಾಲ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಸುತ್ತಬೇಕು. ಎರಡು ಕಾಲಿನ ನಡುವೆ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಗರ್ಭಿಣಿ–ಬಾಣಂತಿಯರಲ್ಲಿ ಹೆಚ್ಚಾಗಿ ಬಾಯುವ ಎಡಗಾಲೇ ದಪ್ಪವಿದ್ದರಂತೂ, ಅಂದೇ ಡಾಪ್ಲರ್ ಇರುವ ಆಸ್ಪತ್ರೆಗೆ ಕಳಿಸಬೇಕು.